ಬ್ಯಾಂಕ್ ಹರಾಜಿನ ಮನೆಗಳ ಖರೀದಿ

ಬ್ಯಾಂಕ್ ಹರಾಜಿನ ಮನೆ ಎಂದರೆ ಸಾಲಕ್ಕೆ ಅಡಮಾನವಾಗಿದ್ದು, ಸಾಲ ಮರುಪಾವತಿಯಾಗದ ಕಾರಣ ಬ್ಯಾಂಕು ಅಥವಾ ಗೃಹಸಾಲ ಸಂಸ್ಥೆ ತನ್ನ ಸ್ವಾಧೀನಕ್ಕೆ ಪಡೆದು ಸಾರ್ವಜನಿಕವಾಗಿ ಮಾರುವ ಮನೆ, ಫ್ಲ್ಯಾಟು ಅಥವಾ ನಿವೇಶನ. ಭಾರತದಲ್ಲಿ ಇಂತಹ ಮಾರಾಟ ಬಹುಮಟ್ಟಿಗೆ 2002ರ ಸರ್ಫೇಸಿ ಕಾಯ್ದೆಯ ಅಡಿಯಲ್ಲಿ, ನ್ಯಾಯಾಲಯದ ಡಿಕ್ರಿಯ ಅಗತ್ಯವಿಲ್ಲದೆ ನಡೆಯುತ್ತದೆ. ಹರಾಜಿನ ಮೀಸಲು ಬೆಲೆ ಅನೇಕ ವೇಳೆ ಪೇಟೆಯ ಬೆಲೆಗಿಂತ ಕಡಿಮೆ ಇರುವುದರಿಂದ, ಕಲಬುರಗಿಯಂತಹ ಬೆಳೆಯುತ್ತಿರುವ ನಗರಗಳ ಹೊರವಲಯದಲ್ಲಿ ಸ್ವಂತ ಮನೆ ಹುಡುಕುವವರಿಗೆ ಇದು ಒಂದು ದಾರಿಯಾಗಿದೆ. ಸಾಮಾನ್ಯ ಮಾರಾಟಗಾರನು ಹೊರುವ ಹೊಣೆಗಳಲ್ಲಿ ಹೆಚ್ಚಿನವನ್ನು ಬ್ಯಾಂಕು ಹೊರುವುದಿಲ್ಲ. ಮನೆಯಲ್ಲಿ ಇರುವವರನ್ನು ತೆರವುಗೊಳಿಸುವುದು, ಹಳೆಯ ಬಾಕಿ ತೀರಿಸುವುದು, ಹಕ್ಕಿನ ದೋಷವನ್ನು ಎದುರಿಸುವುದು ಮುಂತಾದವು ಕೊಳ್ಳುವವನ ಪಾಲಿಗೆ ಬರಬಹುದು. ಬೆಲೆಯ ರಿಯಾಯಿತಿಗೆ ಮುಖ್ಯ ಕಾರಣವೂ ಇದೇ.

ಪದಬಳಕೆ

ಅಮೆರಿಕದಲ್ಲಿ ಇಂತಹ ಕ್ರಮವನ್ನು ಫೋರ್‌ಕ್ಲೋಷರ್ ಎನ್ನುತ್ತಾರೆ. 2008ರ ಆರ್ಥಿಕ ಬಿಕ್ಕಟ್ಟಿನ ಸಮಯದಲ್ಲಿ ಈ ಪದ ಜಗತ್ತಿನಾದ್ಯಂತ ಪರಿಚಿತವಾಯಿತು. ಭಾರತದ ಬ್ಯಾಂಕುಗಳಲ್ಲಿ ಅದೇ ಪದಕ್ಕೆ ಬಹುತೇಕ ವಿರುದ್ಧವಾದ ಅರ್ಥವಿದೆ: ಸಾಲಗಾರನು ಅವಧಿಗೆ ಮೊದಲೇ ಇಡೀ ಸಾಲವನ್ನು ತೀರಿಸಿ ಖಾತೆ ಮುಚ್ಚುವುದನ್ನು ಇಲ್ಲಿ ಫೋರ್‌ಕ್ಲೋಷರ್ ಎನ್ನಲಾಗುತ್ತದೆ. ಅಮೆರಿಕದ ಅರ್ಥದಲ್ಲಿ ಇಲ್ಲಿ ಬಳಕೆಯಲ್ಲಿರುವ ಮಾತುಗಳು ಹರಾಜು ಮತ್ತು ಜಪ್ತಿ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹರಾಜಿಗೆ ಲಿಲಾವು ಎಂಬ ಪದವೂ ಇದೆ. ಪತ್ರಿಕಾ ಪ್ರಕಟಣೆಗಳಲ್ಲಿ ‘ಇ-ಹರಾಜು ಮಾರಾಟ ಸೂಚನೆ’ ಎಂಬ ತಲೆಬರಹ ಸಾಮಾನ್ಯ.

ಕಾನೂನಿನ ಹಿನ್ನೆಲೆ

1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಅಡಮಾನ ಪಡೆದವನು ಸಾಮಾನ್ಯವಾಗಿ ದಾವೆ ಹೂಡಿ ಡಿಕ್ರಿ ಪಡೆದ ಮೇಲೆಯೇ ಆಸ್ತಿಯನ್ನು ಮಾರಿಸಬೇಕಿತ್ತು. ನ್ಯಾಯಾಲಯಕ್ಕೆ ಹೋಗದೆ ಮಾರುವ ಅಧಿಕಾರ ಕೆಲವೇ ಸಂದರ್ಭಗಳಿಗೆ ಸೀಮಿತವಾಗಿತ್ತು. ಸಿವಿಲ್ ನ್ಯಾಯಾಲಯಗಳಲ್ಲಿ ಇಂತಹ ದಾವೆಗಳು ವರ್ಷಗಟ್ಟಲೆ ನಡೆಯುತ್ತಿದ್ದವು. 1993ರ ಕಾಯ್ದೆಯಿಂದ ಸಾಲ ವಸೂಲಾತಿ ನ್ಯಾಯಮಂಡಳಿಗಳು ಸ್ಥಾಪನೆಯಾದರೂ ವಸೂಲಿ ನಿರೀಕ್ಷಿಸಿದಷ್ಟು ಚುರುಕಾಗಲಿಲ್ಲ. ನರಸಿಂಹಂ ಸಮಿತಿ ಮತ್ತು ಅಂಧ್ಯಾರುಜಿನಾ ಸಮಿತಿಗಳ ಶಿಫಾರಸುಗಳ ಹಿನ್ನೆಲೆಯಲ್ಲಿ 2002ರ ಜೂನ್ 21ರಂದು ಸುಗ್ರೀವಾಜ್ಞೆ ಹೊರಬಂದು, ಅದೇ ವರ್ಷ ಕಾಯ್ದೆಯಾಯಿತು.

ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸಿದ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 8ರಂದು ತೀರ್ಪು ನೀಡಿ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಸಾಲಗಾರನು ನ್ಯಾಯಮಂಡಳಿಯ ಮೆಟ್ಟಿಲು ಹತ್ತುವ ಮೊದಲು ಬೇಡಿಕೆಯ ಮೊತ್ತದ 75 ಪ್ರತಿಶತವನ್ನು ಠೇವಣಿ ಇಡಬೇಕೆಂಬ ಷರತ್ತನ್ನು ರದ್ದುಗೊಳಿಸಿತು. ಆ ಷರತ್ತು ಉಳಿದಿದ್ದರೆ ಮನೆ ಕಳೆದುಕೊಳ್ಳುವ ಕುಟುಂಬಕ್ಕೆ ನ್ಯಾಯಮಂಡಳಿಯ ಬಾಗಿಲು ಹೆಸರಿಗೆ ಮಾತ್ರ ಇರುತ್ತಿತ್ತು.

ಸರ್ಕಾರಿ ಮತ್ತು ಖಾಸಗಿ ಬ್ಯಾಂಕುಗಳ ಜೊತೆಗೆ ಅಧಿಸೂಚಿತ ಗೃಹಸಾಲ ಕಂಪನಿಗಳು ಮತ್ತು ಸಹಕಾರಿ ಬ್ಯಾಂಕುಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಸಹಕಾರಿ ಬ್ಯಾಂಕುಗಳ ವಿಷಯದಲ್ಲಿದ್ದ ಗೊಂದಲವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮೇ 5ರಂದು ಬಗೆಹರಿಸಿತು. 100 ಕೋಟಿ ರೂಪಾಯಿ ಅಥವಾ ಹೆಚ್ಚಿನ ಆಸ್ತಿಯುಳ್ಳ ಬ್ಯಾಂಕೇತರ ಹಣಕಾಸು ಕಂಪನಿಗಳು 20 ಲಕ್ಷ ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಸಾಲಗಳಿಗೆ ಈ ಅಧಿಕಾರವನ್ನು ಬಳಸಬಹುದು. ಕಿರುಸಾಲ ಸಂಸ್ಥೆಗಳ ಸಾಲಗಳು ಇದರಿಂದ ಬೇರೆ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ ಕಿರುಸಾಲವು ಅಡಮಾನರಹಿತವಾಗಿರಬೇಕು. ಆದ್ದರಿಂದ ಅಂತಹ ಸಾಲಕ್ಕಾಗಿ ಮನೆಗೆ ಬೀಗ ಹಾಕುವುದಕ್ಕೆ ಅಥವಾ ಗೋಡೆಯ ಮೇಲೆ ಸಾಲದ ಬರಹ ಬರೆಯುವುದಕ್ಕೆ ಸರ್ಫೇಸಿ ಕಾಯ್ದೆಯ ಬೆಂಬಲವಿಲ್ಲ.

ಕೃಷಿ ಭೂಮಿಯ ಮೇಲಿನ ಭದ್ರತಾ ಹಿತಾಸಕ್ತಿಗೆ ಕಾಯ್ದೆ ಅನ್ವಯಿಸುವುದಿಲ್ಲ ಎಂದು 31ನೇ ಕಲಂ ಹೇಳುತ್ತದೆ. ಅಸಲು ಮತ್ತು ಬಡ್ಡಿಯಲ್ಲಿ ಉಳಿದ ಬಾಕಿ 20 ಪ್ರತಿಶತಕ್ಕಿಂತ ಕಡಿಮೆ ಇದ್ದರೂ ಕಾಯ್ದೆಯನ್ನು ಬಳಸುವಂತಿಲ್ಲ. ಹದಿನೈದು ವರ್ಷ ಕಂತು ಕಟ್ಟಿ ಕೊನೆಯಲ್ಲಿ ಎಡವಿದ ಸಾಲಗಾರನಿಗೆ ಈ ಉಪಬಂಧ ದೊಡ್ಡ ರಕ್ಷಣೆ.

ನೋಟಿಸಿನಿಂದ ಹರಾಜಿನವರೆಗೆ

ಕಂತು 90 ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿದರೆ ಸಾಲದ ಖಾತೆಯನ್ನು ಅನುತ್ಪಾದಕ ಆಸ್ತಿ ಎಂದು ವರ್ಗೀಕರಿಸಲಾಗುತ್ತದೆ. ಆ ಬಳಿಕ ಬ್ಯಾಂಕು 13(2)ನೇ ಕಲಮಿನ ಅಡಿಯಲ್ಲಿ ಬೇಡಿಕೆ ನೋಟಿಸು ಕೊಟ್ಟು, ಇಡೀ ಸಾಲವನ್ನು 60 ದಿನಗಳಲ್ಲಿ ತೀರಿಸುವಂತೆ ಕೇಳುತ್ತದೆ. ಸಾಲಗಾರನು ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನಗಳಲ್ಲಿ ಕಾರಣಸಹಿತ ಉತ್ತರ ಕೊಡಬೇಕು. ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಆಸ್ತಿಯನ್ನು ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ.

ಅವಧಿ ಮುಗಿದರೆ ಬ್ಯಾಂಕಿನ ಅಧಿಕೃತ ಅಧಿಕಾರಿ ಸ್ವಾಧೀನ ಸೂಚನೆಯನ್ನು ಮನೆಯ ಹೊರಬಾಗಿಲಿಗೆ ಅಥವಾ ಎದ್ದು ಕಾಣುವ ಜಾಗಕ್ಕೆ ಅಂಟಿಸಿ, ಏಳು ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾನೆ. ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಾಗಿರಬೇಕು. ಈ ಹಂತದಲ್ಲಿ ಬ್ಯಾಂಕು ಪಡೆಯುವುದು ಬಹುತೇಕ ಸಾಂಕೇತಿಕ ಸ್ವಾಧೀನ. ಕುಟುಂಬ ಮನೆಯೊಳಗೇ ಇರುತ್ತದೆ, ಕೀಲಿಕೈ ಅವರ ಬಳಿಯೇ ಇರುತ್ತದೆ. ಭೌತಿಕ ಸ್ವಾಧೀನಕ್ಕೆ ವಿರೋಧ ಬಂದರೆ ಬ್ಯಾಂಕು 14ನೇ ಕಲಮಿನಡಿ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ, ಅರ್ಜಿ ಸಲ್ಲಿಸಬೇಕು. ಮಹಾನಗರಗಳಲ್ಲದ ಕಡೆ ಮುಖ್ಯ ನ್ಯಾಯಿಕ ದಂಡಾಧಿಕಾರಿಯೂ ಇಂತಹ ಆದೇಶ ನೀಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ಆದೇಶವು 30 ದಿನಗಳಲ್ಲಿ, ಕಾರಣಗಳನ್ನು ದಾಖಲಿಸಿದರೆ ಒಟ್ಟು 60 ದಿನಗಳಲ್ಲಿ, ಹೊರಬೀಳಬೇಕು. ಆದರೆ ಈ ಗಡುವು ಮೀರಿದ ಮಾತ್ರಕ್ಕೆ ದಂಡಾಧಿಕಾರಿಯ ಅಧಿಕಾರ ಹೋಗುವುದಿಲ್ಲ ಎಂದು 2020ರ ತೀರ್ಪೊಂದು ಹೇಳಿದೆ. ಹೀಗಾಗಿ ಕಾಗದದ ಮೇಲಿನ ಎರಡು ತಿಂಗಳು ವಾಸ್ತವದಲ್ಲಿ ಎಷ್ಟು ಬೇಕಾದರೂ ಹಿಗ್ಗಬಹುದು.

ಮಾರಾಟಕ್ಕೆ ಮುನ್ನ ಅನುಮೋದಿತ ಮೌಲ್ಯಮಾಪಕನಿಂದ ಬೆಲೆ ಕಟ್ಟಿಸಿ ಮೀಸಲು ಬೆಲೆಯನ್ನು ನಿಗದಿಪಡಿಸಲಾಗುತ್ತದೆ. ಸಾಲಗಾರನಿಗೆ 30 ದಿನಗಳ ಮಾರಾಟ ಸೂಚನೆ ಕೊಡಬೇಕು. ಮೊದಲ ಹರಾಜಿಗೆ ಬಿಡ್ಡುದಾರರು ಬರದಿದ್ದರೆ ಮುಂದಿನ ಹರಾಜಿಗೆ 15 ದಿನಗಳ ಸೂಚನೆ ಸಾಕು. ಹೊಸ ಸುತ್ತಿನಲ್ಲಿ ಮೀಸಲು ಬೆಲೆಯನ್ನು ಇಳಿಸುವುದು ರೂಢಿ. ಪತ್ರಿಕೆಯಲ್ಲಿ ಒಂದೇ ಮನೆ ಎರಡು ಮೂರು ಬಾರಿ ಇಳಿದ ಬೆಲೆಯೊಂದಿಗೆ ಕಾಣಿಸಿಕೊಂಡರೆ, ಹಿಂದಿನ ಸುತ್ತುಗಳಲ್ಲಿ ಅದನ್ನು ನೋಡಿದವರು ಏಕೆ ಹಿಂದೆ ಸರಿದರು ಎಂದು ವಿಚಾರಿಸುವುದು ಲಾಭದಾಯಕ. ಯಾರೂ ಬಿಡ್ ಮಾಡದಿದ್ದಲ್ಲಿ ಬ್ಯಾಂಕೇ ಮೀಸಲು ಬೆಲೆಗೆ ಆಸ್ತಿಯನ್ನು ಕೊಳ್ಳಲು ನಂತರದ ಹರಾಜಿನಲ್ಲಿ ಅವಕಾಶವಿದೆ.

ಹರಾಜುಗಳು ಈಗ ಅಂತರ್ಜಾಲದಲ್ಲಿ ನಡೆಯುತ್ತವೆ. ಸರ್ಕಾರಿ ಬ್ಯಾಂಕುಗಳ ಅಡಮಾನ ಆಸ್ತಿಗಳ ಮಾಹಿತಿ ಮತ್ತು ಹರಾಜಿಗೆಂದು 2019ರ ಡಿಸೆಂಬರ್‌ನಲ್ಲಿ ಇ-ಬಿಕ್ರಯ್ ವೇದಿಕೆ ಆರಂಭವಾಗಿತ್ತು. ಅದರ ಸುಧಾರಿತ ರೂಪವಾದ ಬ್ಯಾಂಕ್‌ನೆಟ್ 2025ರ ಜನವರಿಯಲ್ಲಿ ಚಾಲನೆ ಪಡೆಯಿತು. ಜಿಲ್ಲೆಯ ಹೆಸರು ಕೊಟ್ಟು ಆಸ್ತಿಗಳನ್ನು ಹುಡುಕಬಹುದು. ಖಾಸಗಿ ಬ್ಯಾಂಕುಗಳು ಮತ್ತು ಗೃಹಸಾಲ ಕಂಪನಿಗಳು ಬೇರೆ ಹರಾಜು ತಾಣಗಳನ್ನು ಬಳಸುವುದುಂಟು.

ಬೆಲೆ ಕಡಿಮೆ ಇರುವ ಕಾರಣಗಳು

ಪ್ರತಿಯೊಂದು ಹರಾಜು ಸೂಚನೆಯಲ್ಲೂ ಆಸ್ತಿಯನ್ನು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು’ ಎಂಬ ಆಧಾರದ ಮೇಲೆ ಮಾರಲಾಗುತ್ತದೆ ಎಂಬ ಸಾಲು ಇರುತ್ತದೆ. ಇದನ್ನು ಗೋಡೆಯ ಬಿರುಕು, ಸೋರುವ ಮಾಳಿಗೆಗಳಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯುವುದು ಸಾಮಾನ್ಯ ತಪ್ಪು. ಕೇರಳ ರಾಜ್ಯ ವಿದ್ಯುತ್ ಮಂಡಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಮೇ 19ರಂದು ಈ ಮಾತಿನ ಅರ್ಥವನ್ನು ವಿಸ್ತಾರವಾಗಿ ಚರ್ಚಿಸಿತು. ಕಟ್ಟಡದ ಸ್ಥಿತಿಯ ಜೊತೆಗೆ ಆಸ್ತಿಗೆ ಅಂಟಿದ ಹೊಣೆಗಳೂ ಇದರಲ್ಲಿ ಸೇರುತ್ತವೆ ಎಂಬುದು ಅದರ ನಿಲುವು. ಹಿಂದಿನ ಮಾಲೀಕ ಉಳಿಸಿದ ವಿದ್ಯುತ್ ಬಾಕಿಯನ್ನು ತೀರಿಸಿದ ಮೇಲೆಯೇ ಹೊಸ ಸಂಪರ್ಕ ಕೊಡುವುದಾಗಿ ವಿದ್ಯುತ್ ಕಂಪನಿ ನಿಯಮಾನುಸಾರ ಹೇಳಬಹುದೆಂದು ಅದು ತೀರ್ಮಾನಿಸಿತು. ಕಲಬುರಗಿ ಭಾಗದಲ್ಲಿ ಇದರರ್ಥ, ಬಿಡ್ ಮಾಡುವ ಮೊದಲು ಜೆಸ್ಕಾಂ ಕಚೇರಿಯಲ್ಲಿ ಮೀಟರಿನ ಆರ್.ಆರ್. ಸಂಖ್ಯೆ ಕೊಟ್ಟು ಬಾಕಿ ವಿಚಾರಿಸಬೇಕು ಎಂಬುದು. ಆಸ್ತಿ ತೆರಿಗೆ, ನೀರಿನ ಶುಲ್ಕ, ಫ್ಲ್ಯಾಟಾದರೆ ನಿರ್ವಹಣಾ ಸಂಘದ ಬಾಕಿಯನ್ನೂ ಹೀಗೆಯೇ ನೋಡಬೇಕಾಗುತ್ತದೆ.

ಬಾಕಿಯನ್ನು ಲೆಕ್ಕ ಹಾಕಬಹುದು; ಸ್ವಾಧೀನದ ವಿಳಂಬವನ್ನು ಲೆಕ್ಕ ಹಾಕುವುದು ಕಷ್ಟ. ಸೂಚನೆಯಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂದಿದ್ದರೆ ಕೊಳ್ಳುವವನು ಪೂರ್ತಿ ಹಣ ಕಟ್ಟಿದ ಮೇಲೂ ಮನೆಗೆ ಕಾಲಿಡಲು ದಂಡಾಧಿಕಾರಿಯ ಆದೇಶ, ಪೊಲೀಸ್ ಬಂದೋಬಸ್ತು, ತೆರವಿನ ದಿನ ಇವೆಲ್ಲಕ್ಕೂ ಕಾಯಬೇಕು. ಅಷ್ಟರಲ್ಲಿ ಅವನ ಸ್ವಂತ ಸಾಲದ ಕಂತು ಮತ್ತು ಈಗಿರುವ ಮನೆಯ ಬಾಡಿಗೆ ಎರಡೂ ಓಡುತ್ತಿರುತ್ತವೆ. ‘ಭೌತಿಕ ಸ್ವಾಧೀನ’ ಎಂದಿರುವ ಮನೆಗಳ ಬೆಲೆ ಸಹಜವಾಗಿ ಹೆಚ್ಚು.

ಮನೆಯಲ್ಲಿ ಬಾಡಿಗೆದಾರರಿದ್ದರೆ ಅವರ ಹಕ್ಕು ಬಾಡಿಗೆ ಯಾವಾಗ ಆರಂಭವಾಯಿತು ಎಂಬುದನ್ನು ಅವಲಂಬಿಸುತ್ತದೆ. ಅಡಮಾನಕ್ಕೆ ಮೊದಲೇ ಬಂದು ದಾಖಲೆ ಇರುವ ಬಾಡಿಗೆದಾರನನ್ನು ಸುಲಭವಾಗಿ ಹೊರಹಾಕಲಾಗದು. 13(2)ರ ನೋಟಿಸಿನ ನಂತರ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಬಂದವನಿಗೆ ಅಂತಹ ರಕ್ಷಣೆಯಿಲ್ಲ. ಬಾಯಿಮಾತಿನ ಬಾಡಿಗೆ ಮತ್ತು ನೋಂದಣಿಯಾಗದ ಕರಾರುಗಳ ಮಿತಿಯನ್ನು ಸುಪ್ರೀಂ ಕೋರ್ಟ್ 2019ರಲ್ಲಿ ವಿವರಿಸಿದೆ.

ಮೂರನೆಯ ತೊಡಕು ಕುಟುಂಬದ ಪಾಲು. ಹಳೆಯ ಮನೆಗಳು ಅನೇಕ ಕಡೆ ಪಿತ್ರಾರ್ಜಿತವಾಗಿರುತ್ತವೆ. ಒಬ್ಬ ಮಗ ವ್ಯಾಪಾರಕ್ಕಾಗಿ ಅಡಮಾನ ಮಾಡಿರುತ್ತಾನೆ, ಅಕ್ಕತಂಗಿಯರ ಸಹಿ ಇರುವುದಿಲ್ಲ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ದೃಢಪಡಿಸಿದ ಮೇಲೆ ಇಂತಹ ಅಡಮಾನಗಳ ತೊಡಕು ಹೆಚ್ಚು ಸ್ಪಷ್ಟವಾಗಿದೆ. ಸರ್ಫೇಸಿ ಕಾಯ್ದೆಯ 34ನೇ ಕಲಂ ಸಿವಿಲ್ ನ್ಯಾಯಾಲಯದ ಅಧಿಕಾರವನ್ನು ತಡೆಯುತ್ತದೆಯಾದರೂ, ಮೂರನೆಯ ವ್ಯಕ್ತಿಯೊಬ್ಬರು ಆಸ್ತಿಯ ಹಕ್ಕು ಘೋಷಣೆ ಕೋರುವ ದಾವೆಗೆ ಆ ತಡೆ ಅನ್ವಯಿಸದು ಎಂದು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಪ್ರಕರಣದಲ್ಲಿ 2025ರ ಜನವರಿಯಲ್ಲಿ ತೀರ್ಪಾಗಿದೆ. ಹರಾಜಿನಲ್ಲಿ ಕೊಂಡವನು ಅಂತಹ ದಾವೆಯಲ್ಲಿ ಪ್ರತಿವಾದಿಯಾಗಬೇಕಾಗಬಹುದು.

ಬ್ಯಾಂಕು ತನಗೆ ತಿಳಿದಿರುವ ಋಣಭಾರಗಳನ್ನು ಮಾರಾಟ ಸೂಚನೆಯಲ್ಲಿ ಬರೆಯಬೇಕೆಂಬ ನಿಯಮವಿದೆ. ‘ತಿಳಿದಿರುವ’ ಎಂಬ ಪದವನ್ನು ಗಮನಿಸಬೇಕು. ಸೂಚನೆಯಲ್ಲಿ ‘ಇಲ್ಲ’ ಎಂದು ಬರೆದಿರುವುದು ಖಾತರಿಯಲ್ಲ.

ನಂದೂರ ಮತ್ತು ಕಲಬುರಗಿಯ ಹೊರವಲಯ

ಕಲಬುರಗಿ ನಗರದ ಹೊರವಲಯದಲ್ಲಿರುವ ನಂದೂರ, ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ನಂದೂರ–ಕೆಸರಟಗಿ ಕೈಗಾರಿಕಾ ಪ್ರದೇಶದಿಂದ ಪರಿಚಿತವಾದ ಊರು. ನಗರ ಹಬ್ಬುತ್ತಿರುವ ಇಂತಹ ಅಂಚುಗಳಲ್ಲಿ ಒಂದೇ ರಸ್ತೆಯ ಎರಡು ಬದಿಯ ಆಸ್ತಿಗಳಿಗೆ ಬೇರೆ ಬೇರೆ ಕಚೇರಿಗಳು ದಾಖಲೆ ಕೊಟ್ಟಿರಬಹುದು. ಹರಾಜಿನ ಮನೆಯ ನಿಜವಾದ ಬೆಲೆ ಅದು ಯಾವ ಬಗೆಯ ನೆಲದ ಮೇಲೆ ನಿಂತಿದೆ ಎಂಬುದರ ಮೇಲೆ ನಿಲ್ಲುತ್ತದೆ.

ಮಹಾನಗರ ಪಾಲಿಕೆಯ ಗಡಿಯೊಳಗೆ, ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆಯಲ್ಲಿರುವ ಮನೆಯ ದಾಖಲೆ ಅತ್ಯಂತ ಸರಳ: ಪಾಲಿಕೆಯ ಇ-ಖಾತೆ, ಬಡಾವಣೆ ನಕ್ಷೆ, ಕಟ್ಟಡ ಪರವಾನಗಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು ನಮೂನೆ 11 ಬೇಕು. ನಮೂನೆ 9 ದೊರೆಯದೆ ನಮೂನೆ 11-ಬಿ ಮಾತ್ರ ಇರುವ ಆಸ್ತಿಯೆಂದರೆ ಅದು ಅನುಮೋದಿತ ವಿನ್ಯಾಸದಲ್ಲಿ ಇಲ್ಲ ಎಂಬ ಸೂಚನೆ. ಕೃಷಿ ಜಮೀನನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಮಾಡಿಸದೆ ತುಂಡು ಮಾಡಿ ಮಾರಿದ ನಿವೇಶನಗಳೂ ಈ ಭಾಗದಲ್ಲಿ ಇವೆ. ಜನರು ಇವನ್ನು ಎನ್.ಎ. ಆಗದ ಪ್ಲಾಟ್ ಎನ್ನುತ್ತಾರೆ.

ಇಂತಹ ಪ್ಲಾಟಿನ ಮೇಲಿನ ಸಾಲ ಸುಸ್ತಿಯಾದಾಗ ವಿಚಿತ್ರ ಪರಿಸ್ಥಿತಿ ಉಂಟಾಗುತ್ತದೆ. ಪಹಣಿಯಲ್ಲಿ ಜಮೀನು ಇಂದಿಗೂ ಕೃಷಿಯದ್ದೇ ಆಗಿದ್ದರೆ, ಸಾಲಗಾರನು 31ನೇ ಕಲಂ ಮುಂದಿಟ್ಟು ಇಡೀ ಹರಾಜನ್ನೇ ಪ್ರಶ್ನಿಸಬಹುದು. ಕಂದಾಯ ದಾಖಲೆಯಲ್ಲಿ ಹಾಗೆ ಬರೆದಿರುವುದಷ್ಟೇ ಸಾಲದು, ಭೂಮಿಯನ್ನು ನಿಜವಾಗಿ ಸಾಗುವಳಿಗೆ ಬಳಸಲಾಗುತ್ತಿತ್ತು ಎಂಬುದನ್ನು ಸಾಲಗಾರನೇ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಮನೆ ಕಟ್ಟಿರುವ ಪ್ಲಾಟಿನ ವಿಷಯದಲ್ಲಿ ಆ ವಾದ ನಿಲ್ಲುವುದು ಕಷ್ಟ, ಆದರೆ ವಾದ ಮುಗಿಯುವವರೆಗೆ ಕೊಂಡವನ ಹಣ ಸಿಕ್ಕಿಕೊಂಡಿರುತ್ತದೆ. ಅನಧಿಕೃತ ಬಡಾವಣೆಗಳ ಆಸ್ತಿಗಳಿಗೂ ಬಿ-ಖಾತೆ ನೀಡುವ ಕ್ರಮ 2025ರಲ್ಲಿ ಬೆಂಗಳೂರಿನಾಚೆಯ ನಗರ ಸ್ಥಳೀಯ ಸಂಸ್ಥೆಗಳಲ್ಲೂ ಆರಂಭವಾಯಿತು. ಬಿ-ಖಾತೆ ತೆರಿಗೆ ಕಟ್ಟುವ ದಾರಿಯಾಗಿದೆಯೇ ಹೊರತು ಬಡಾವಣೆಯನ್ನು ಸಕ್ರಮಗೊಳಿಸುವುದಿಲ್ಲ.

ಕೈಗಾರಿಕಾ ಪ್ರದೇಶದೊಳಗಿನ ನಿವೇಶನಗಳು ಇನ್ನೊಂದು ಬಗೆ. ಮಂಡಳಿ ಅವನ್ನು ಸಾಮಾನ್ಯವಾಗಿ ಗುತ್ತಿಗೆ ಹಾಗೂ ಮಾರಾಟ ಕರಾರಿನ ಮೇಲೆ ಕೊಡುತ್ತದೆ. ಅಡಮಾನಕ್ಕೂ ವರ್ಗಾವಣೆಗೂ ಅದರ ಅನುಮತಿ ಬೇಕು. ಅಗ್ಗವಾಗಿ ಕಂಡ ಶೆಡ್ಡನ್ನು ಕೊಂಡು ಮನೆಯಾಗಿ ಬಳಸಲು ಆಗುವುದಿಲ್ಲ. ತೊಗರಿಯ ಬೇಳೆ ಮಾಡುವ ದಾಲ್ ಮಿಲ್‌ಗಳು, ಸಣ್ಣ ಉದ್ಯಮಗಳು ಇರುವ ಈ ನಗರದಲ್ಲಿ ವ್ಯಾಪಾರದ ಸಾಲಕ್ಕೆ ವಾಸದ ಮನೆಯನ್ನು ಭದ್ರತೆಯಾಗಿ ಕೊಡುವುದು ಅಪರೂಪವಲ್ಲ. ಅಂತಹ ಮನೆ ಹರಾಜಿಗೆ ಬಂದಾಗ ಬಾಕಿಯ ಮೊತ್ತ ಮನೆಯ ಬೆಲೆಯ ಹಲವು ಪಟ್ಟು ಇರಬಹುದು. ಜಾಮೀನುದಾರನ ಮನೆಯೂ ಹೀಗೆ ಹರಾಜಿಗೆ ಬರುತ್ತದೆ. ಸಾಲ ಪಡೆದವನು ಬೇರೆ, ಮನೆ ಕಳೆದುಕೊಳ್ಳುವವನು ಬೇರೆ.

ಹೆಸರುಗಳ ಬದಲಾವಣೆಯಿಂದಲೂ ಗೊಂದಲವಾಗುತ್ತದೆ. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಆನಂತರ ಕಲಬುರಗಿ ತಾಲ್ಲೂಕಿನ ಕೆಲವು ಭಾಗ ಬೇರ್ಪಟ್ಟು ಕಮಲಾಪುರ ತಾಲ್ಲೂಕು ಆಯಿತು. ಕಮಲಾಪುರ ಕಡೆಯ ಆಸ್ತಿಯ ಹಳೆಯ ಕ್ರಯಪತ್ರದಲ್ಲಿ ‘ಗುಲಬರ್ಗಾ ತಾಲ್ಲೂಕು’, ಅಡಮಾನ ಪತ್ರದಲ್ಲಿ ‘ಕಲಬುರಗಿ ತಾಲ್ಲೂಕು’, ಹರಾಜು ಸೂಚನೆಯಲ್ಲಿ ‘ಕಮಲಾಪುರ ತಾಲ್ಲೂಕು’ ಎಂದಿರುವುದು ಸಾಧ್ಯ. ಊರಿನ ಹೆಸರಿನ ಕಾಗುಣಿತವೂ ನಂದೂರ, ನಂದೂರು ಎಂದು ಬದಲಾಗುತ್ತದೆ. ಹೆಸರನ್ನು ನಂಬದೆ ಸರ್ವೆ ಸಂಖ್ಯೆ, ಪ್ಲಾಟ್ ಸಂಖ್ಯೆ ಮತ್ತು ಚಕ್ಕುಬಂದಿಯನ್ನು ಸ್ಥಳದಲ್ಲೇ ತಾಳೆ ನೋಡುವುದು ಇದಕ್ಕೆ ಪರಿಹಾರ. ಪಕ್ಕದ ಪ್ಲಾಟಿನ ಮನೆಯನ್ನು ತೋರಿಸಿ ಬಿಡ್ ಮಾಡಿಸಿದರೆ ‘ಎಲ್ಲಿದೆಯೋ ಅಲ್ಲಿ’ ಎಂಬ ಷರತ್ತು ಕೊಂಡವನ ನೆರವಿಗೆ ಬರುವುದಿಲ್ಲ.

ಋಣಭಾರ ಪ್ರಮಾಣಪತ್ರವನ್ನು ಕಾವೇರಿ ತಂತ್ರಾಂಶದಲ್ಲಿ ಪಡೆಯಬಹುದು. ಗಣಕೀಕೃತ ವಿವರ 2004ರ ಏಪ್ರಿಲ್‌ನಿಂದ ಈಚಿನದಕ್ಕೆ ಸೀಮಿತ. ಅದಕ್ಕೂ ಹಿಂದಿನ ವಹಿವಾಟಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೈಬರಹದ ಪ್ರಮಾಣಪತ್ರಕ್ಕೆ ಅರ್ಜಿ ಕೊಡಬೇಕು. ಹಕ್ಕುಪತ್ರಗಳನ್ನು ಠೇವಣಿ ಇಟ್ಟು ಪಡೆದ ಸಾಲಗಳ ಮಾಹಿತಿಗೆ 2011ರಲ್ಲಿ ಸ್ಥಾಪನೆಯಾದ ಸರ್ಸಾಯಿ ಎಂಬ ಕೇಂದ್ರ ನೋಂದಣಿ ಸಂಸ್ಥೆಯ ತಾಣದಲ್ಲಿ ಶುಲ್ಕ ಕಟ್ಟಿ ಹುಡುಕಬಹುದು. ಒಂದೇ ಮನೆ ಎರಡು ಕಡೆ ಅಡಮಾನವಾಗಿದ್ದರೆ ಅದು ಇಲ್ಲಿ ಹೊರಬೀಳುವ ಸಾಧ್ಯತೆ ಹೆಚ್ಚು.

ಹಣ ಕಟ್ಟುವ ಗಡುವು

ಬಿಡ್ ಮಾಡಲು ಮುಂಗಡ ಠೇವಣಿ ಇಡಬೇಕು. ಸಾಮಾನ್ಯವಾಗಿ ಇದು ಮೀಸಲು ಬೆಲೆಯ 10 ಪ್ರತಿಶತ. ಬಿಡ್ ಗೆದ್ದವನು ಮುಂಗಡವೂ ಸೇರಿದಂತೆ ಹರಾಜು ಬೆಲೆಯ 25 ಪ್ರತಿಶತವನ್ನು ಅಂದೇ ಅಥವಾ ಮರು ಕೆಲಸದ ದಿನದೊಳಗೆ ಕಟ್ಟಬೇಕು. ಉಳಿದ 75 ಪ್ರತಿಶತಕ್ಕೆ ಮಾರಾಟ ದೃಢೀಕರಣದಿಂದ 15 ದಿನ ಗಡುವು. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಇದನ್ನು ಮೂರು ತಿಂಗಳವರೆಗೆ ವಿಸ್ತರಿಸಬಹುದು, ಅದಕ್ಕಿಂತ ಹೆಚ್ಚಲ್ಲ.

ಉದಾಹರಣೆಗೆ, ಮೀಸಲು ಬೆಲೆ 24 ಲಕ್ಷ ರೂಪಾಯಿಯ ಮನೆಯನ್ನು ಒಬ್ಬನು 26 ಲಕ್ಷಕ್ಕೆ ಗೆದ್ದನೆಂದುಕೊಳ್ಳೋಣ. ಮುಂಗಡ 2.4 ಲಕ್ಷ ಮೊದಲೇ ಹೋಗಿದೆ. ಮರುದಿನದೊಳಗೆ ಇನ್ನೂ 4.1 ಲಕ್ಷ ಕಟ್ಟಿ 6.5 ಲಕ್ಷ ಪೂರೈಸಬೇಕು. ದೃಢೀಕರಣದ ಬಳಿಕ ಎರಡು ವಾರಗಳಲ್ಲಿ 19.5 ಲಕ್ಷ ಸಿದ್ಧವಾಗಬೇಕು. ಇಷ್ಟು ಕಡಿಮೆ ಅವಧಿಯಲ್ಲಿ ಗೃಹಸಾಲ ಮಂಜೂರಾಗುವುದು ಕಷ್ಟ. ಭೌತಿಕ ಸ್ವಾಧೀನವಿಲ್ಲದ ಮನೆಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುವುದೂ ಉಂಟು, ಹರಾಜು ಮಾಡುತ್ತಿರುವ ಬ್ಯಾಂಕು ಕೂಡ ಇದಕ್ಕೆ ಹೊರತಲ್ಲ. ಆದ್ದರಿಂದ ಸಾಲದ ಒಪ್ಪಿಗೆಯನ್ನು ಬಿಡ್‌ಗೆ ಮೊದಲೇ ಬರಹದಲ್ಲಿ ಪಡೆಯದವರು ಕೈಯಲ್ಲಿರುವ ಹಣಕ್ಕೆ ಮೀರಿ ಕೂಗುವುದು ಅಪಾಯಕಾರಿ.

ಗಡುವು ತಪ್ಪಿದರೆ ಕಟ್ಟಿದ 25 ಪ್ರತಿಶತ ಪೂರ್ತಿ ಮುಟ್ಟುಗೋಲಾಗುತ್ತದೆ. ಮರುಹರಾಜಿನಲ್ಲಿ ಬ್ಯಾಂಕಿಗೆ ಹೆಚ್ಚು ಬೆಲೆ ಬಂದರೂ ಮುಟ್ಟುಗೋಲು ಉಳಿಯುತ್ತದೆ, ಆದ ನಷ್ಟದಷ್ಟನ್ನೇ ಹಿಡಿದಿಟ್ಟುಕೊಳ್ಳಬೇಕೆಂಬ ಕರಾರು ಕಾಯ್ದೆಯ ತತ್ವ ಇಲ್ಲಿ ನಡೆಯದು ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 2ರಂದು ತೀರ್ಪು ನೀಡಿತು. ಮೇಲಿನ ಉದಾಹರಣೆಯ ಕುಟುಂಬ ಮನೆಯೂ ಇಲ್ಲದೆ, 6.5 ಲಕ್ಷವೂ ಇಲ್ಲದೆ ಉಳಿಯುತ್ತದೆ.

ನೋಂದಣಿ ಮತ್ತು ಖಾತೆ

ಪೂರ್ತಿ ಹಣ ಸಂದಾಯವಾದ ಮೇಲೆ ಅಧಿಕೃತ ಅಧಿಕಾರಿ ಮಾರಾಟ ಪ್ರಮಾಣಪತ್ರ ಕೊಡುತ್ತಾನೆ. ಅದರ ಪ್ರತಿಯನ್ನು ಉಪನೋಂದಣಾಧಿಕಾರಿಯ ಪುಸ್ತಕದಲ್ಲಿ ದಾಖಲಿಸಿದರೆ ಸಾಕು ಎಂಬ ನಿಲುವನ್ನು ನ್ಯಾಯಾಲಯಗಳು ತಳೆದಿವೆ. ಆದರೂ ಖಾತೆ ಬದಲಾವಣೆ ಮತ್ತು ಮುಂದಿನ ಮಾರಾಟದ ಅನುಕೂಲಕ್ಕಾಗಿ ಕೊಂಡವರು ಮುದ್ರಾಂಕ ಶುಲ್ಕ ಕಟ್ಟಿ ನೋಂದಣಿ ಮಾಡಿಸುವುದು ವಾಡಿಕೆ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ 5 ಪ್ರತಿಶತ. ಆ ಶುಲ್ಕದ ಮೇಲೆ 10 ಪ್ರತಿಶತ ಸೆಸ್, ನಗರ ಪ್ರದೇಶದಲ್ಲಿ 2 ಹಾಗೂ ಗ್ರಾಮೀಣ ಪ್ರದೇಶದಲ್ಲಿ 3 ಪ್ರತಿಶತ ಸರ್ಚಾರ್ಜ್ ಸೇರುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2 ಪ್ರತಿಶತವಾಗಿದೆ. 26 ಲಕ್ಷದ ನಗರದ ಮನೆಗೆ ಈ ಲೆಕ್ಕದಲ್ಲಿ 1,97,600 ರೂಪಾಯಿ ಬೇಕಾಗುತ್ತದೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವನು 1 ಪ್ರತಿಶತ ಆದಾಯ ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸಿ ಸರ್ಕಾರಕ್ಕೆ ಕಟ್ಟಬೇಕು.

ಸಾಲಗಾರನ ಹಕ್ಕುಗಳು

ಬ್ಯಾಂಕಿನ ಕ್ರಮದಿಂದ ಬಾಧಿತನಾದವನು 17ನೇ ಕಲಮಿನಡಿ 45 ದಿನಗಳಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಕರ್ನಾಟಕದ ಎರಡೂ ನ್ಯಾಯಮಂಡಳಿಗಳು ಬೆಂಗಳೂರಿನಲ್ಲಿವೆ, ಮೇಲ್ಮನವಿ ಪ್ರಾಧಿಕಾರ ಚೆನ್ನೈನಲ್ಲಿದೆ. ಸಾಲಗಾರನು ಮೇಲ್ಮನವಿಗೆ ಬಾಕಿಯ 50 ಪ್ರತಿಶತವನ್ನು ಠೇವಣಿ ಇಡಬೇಕು, ಪ್ರಾಧಿಕಾರ ಇದನ್ನು 25 ಪ್ರತಿಶತಕ್ಕೆ ಇಳಿಸಬಹುದು. ಅರ್ಜಿಗಳನ್ನು ವಿದ್ಯುನ್ಮಾನವಾಗಿ ಸಲ್ಲಿಸುವ ವ್ಯವಸ್ಥೆ ಬಂದಿದ್ದರೂ, ವಕೀಲರನ್ನು ಹಿಡಿದು ನಡೆಸಬೇಕಾದ ವ್ಯಾಜ್ಯ ಕಲಬುರಗಿಯ ಸಾಲಗಾರನಿಗೆ ಸುಮಾರು 600 ಕಿಲೋಮೀಟರ್ ದೂರದ್ದೇ. 2013ರ ಆಗಸ್ಟ್ 31ರಿಂದ ಕಾಯಂ ಆಗಿರುವ ಹೈಕೋರ್ಟಿನ ಕಲಬುರಗಿ ಪೀಠ ಹತ್ತಿರದಲ್ಲಿದೆಯಾದರೂ, ನ್ಯಾಯಮಂಡಳಿಯ ಮಾರ್ಗ ಇರುವಾಗ ಹೈಕೋರ್ಟುಗಳು ಸರ್ಫೇಸಿ ವಿಷಯದಲ್ಲಿ ರಿಟ್ ಅರ್ಜಿಗಳನ್ನು ಸುಲಭವಾಗಿ ಸ್ವೀಕರಿಸಬಾರದೆಂದು ಸುಪ್ರೀಂ ಕೋರ್ಟ್ 2010ರಿಂದ ಮತ್ತೆ ಮತ್ತೆ ಹೇಳಿದೆ.

ಬಾಕಿ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳುವ ವಿಮೋಚನಾ ಹಕ್ಕಿನ ಕಾಲಮಿತಿ 2016ರ ತಿದ್ದುಪಡಿಯಿಂದ ಮೊಟಕಾಯಿತು. ಹಿಂದೆ ಮಾರಾಟ ಅಥವಾ ವರ್ಗಾವಣೆಗೆ ಗೊತ್ತಾದ ದಿನದ ಮೊದಲು ಯಾವಾಗ ಬೇಕಾದರೂ ಹಣ ತರಬಹುದಿತ್ತು. ಈಗ ಹರಾಜು ಸೂಚನೆ ಪ್ರಕಟವಾಗುವ ಮೊದಲೇ ತರಬೇಕು. ಸೆಲಿರ್ ಮತ್ತು ಬಾಫ್ನಾ ಮೋಟರ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 21ರಂದು ಇದನ್ನು ಕಟ್ಟುನಿಟ್ಟಾಗಿ ಅನ್ವಯಿಸಿತು. ಹರಾಜಿನ ನಂತರ ಸಾಲಗಾರನು ಬ್ಯಾಂಕಿನೊಡನೆ ಒಪ್ಪಂದ ಮಾಡಿಕೊಂಡು ಪೂರ್ತಿ ಹಣ ಕಟ್ಟಿದ್ದರೂ, ಬಿಡ್ ಗೆದ್ದವನ ಹಕ್ಕೇ ಗೆದ್ದಿತು. ಈ ತೀರ್ಪು ಹರಾಜಿನಲ್ಲಿ ಕೊಳ್ಳುವವರಿಗೆ ಭದ್ರತೆ ತಂದಿತು. ಪತ್ರಿಕೆಯಲ್ಲಿ ಮನೆಯ ಹೆಸರು ಕಂಡ ಮೇಲೆ ಬಂಧುಗಳಿಂದ ಹಣ ಹೊಂದಿಸಲು ಓಡುವ ಕುಟುಂಬಕ್ಕೆ ಅದೇ ತೀರ್ಪು ಬಾಗಿಲು ಮುಚ್ಚಿತು. 2025ರ ಸೆಪ್ಟೆಂಬರ್‌ನ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ನಿಲುವನ್ನು ಪುನರುಚ್ಚರಿಸಿ, ಕಾಯ್ದೆ ಮತ್ತು ನಿಯಮಗಳ ಮಾತುಗಳಲ್ಲಿರುವ ಅಸಾಂಗತ್ಯವನ್ನು ಸರಿಪಡಿಸುವಂತೆ ಹಣಕಾಸು ಸಚಿವಾಲಯವನ್ನು ಒತ್ತಾಯಿಸಿತು.

ಹರಾಜಿನಿಂದ ಬಂದ ಹಣದಲ್ಲಿ ಖರ್ಚು ಮತ್ತು ಸಾಲ ಕಳೆದು ಉಳಿದದ್ದು ಸಾಲಗಾರನಿಗೆ ಸೇರಬೇಕು. ಕೊರತೆ ಬಿದ್ದರೆ ಅದರ ವಸೂಲಿಗೆ ಬ್ಯಾಂಕು ನ್ಯಾಯಮಂಡಳಿಗೆ ಹೋಗಬಹುದು. ಮನೆ ಹೋದರೂ ಸಾಲ ಪೂರ್ತಿ ಹೋಗದೆ ಇರಬಹುದು. ಮೌಲ್ಯಮಾಪನ ತೀರಾ ಕಡಿಮೆಯಾಗಿತ್ತು, ಸೂಚನೆ ಸರಿಯಾಗಿ ತಲುಪಲಿಲ್ಲ, 30 ದಿನಗಳ ಅಂತರ ಪಾಲಿಸಲಿಲ್ಲ ಎಂಬ ಕಾರಣಗಳ ಮೇಲೆ ನ್ಯಾಯಮಂಡಳಿ ಮಾರಾಟವನ್ನು ರದ್ದುಗೊಳಿಸಿ ಸ್ವಾಧೀನವನ್ನು ಸಾಲಗಾರನಿಗೆ ಮರಳಿಸಬಹುದು. ಅಗ್ಗದ ಮನೆ ಕೊಳ್ಳಲು ಹೊರಟವನು ಬ್ಯಾಂಕಿನಿಂದ ಈ ನೋಟಿಸುಗಳ ಪ್ರತಿಗಳನ್ನು ಮತ್ತು ಬಾಕಿಯಿರುವ ಅರ್ಜಿಗಳ ವಿವರವನ್ನು ಕೇಳಿ ಪಡೆಯುವುದು ಅವನ ಹಿತಕ್ಕೂ ಒಳ್ಳೆಯದು.

ಇತರ ಬಗೆಯ ಹರಾಜುಗಳು

ಸರ್ಫೇಸಿಯಲ್ಲದೆ ಬೇರೆ ಮಾರ್ಗಗಳಿಂದಲೂ ಮನೆಗಳು ಹರಾಜಿಗೆ ಬರುತ್ತವೆ. ಸಿವಿಲ್ ನ್ಯಾಯಾಲಯದ ಡಿಕ್ರಿ ಜಾರಿಯ ಹರಾಜು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದಂತೆ ನಡೆಯುತ್ತದೆ. ಸಹಕಾರ ಸಂಘಗಳು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ತೀರ್ಪು ಪಡೆದು ಮಾರಾಟಾಧಿಕಾರಿಯ ಮೂಲಕ ವಸೂಲಿ ಮಾಡುತ್ತವೆ. ನ್ಯಾಯಮಂಡಳಿಯ ವಸೂಲಾತಿ ಅಧಿಕಾರಿಯೂ ತನ್ನ ಪ್ರಮಾಣಪತ್ರದ ಆಧಾರದ ಮೇಲೆ ಹರಾಜು ಹಾಕುತ್ತಾನೆ. ಠೇವಣಿ, ಗಡುವು, ಮಾರಾಟ ರದ್ದತಿಯ ಅವಕಾಶಗಳು ಈ ಪ್ರತಿಯೊಂದರಲ್ಲೂ ಬೇರೆ ಬೇರೆ ಇರುವುದರಿಂದ, ಸೂಚನೆಯ ಮೊದಲ ಸಾಲಿನಲ್ಲಿ ಯಾವ ಕಾಯ್ದೆಯ ಹೆಸರಿದೆ ಎಂಬುದನ್ನು ನೋಡಿಕೊಳ್ಳಬೇಕಾಗುತ್ತದೆ.